ನಿಂತೇ ಉರಿದದ್ದು

ಸಿದ್ದಾಪುರದ ಗ್ಯಾರೇಜಿನಲ್ಲಿ ಬುಡೇನ್ ಸಾಬರು
ಎಂಜಿನ್ನಿನ ಮುಚ್ಚಳ ಎತ್ತಿ ಟಾರ್ಚು ಬಿಟ್ಟರು.
ಒಂದು ಮಗ್ಗುಲು ಬೆಳ್ಳಗೆ,
ಕಾರ್ಖಾನೆಯಿಂದ ನಿನ್ನೆ ಬಂದ ಹಾಗೆ.
ಇನ್ನೊಂದು, ಹೊಗೆ ಹೋಗುವ ಕಡೆಯದು,
ಪಾಕ ಏರಿ ತಳ ಹಿಡಿದ ಬೆಲ್ಲ.
ಮೂಲೆಯಲ್ಲಿ ಮಡ್ಡಿ,
ಬೆರಳಿಟ್ಟರೆ ಗುರುತು ಉಳಿಯುವಷ್ಟು.
ಎಣ್ಣೆ ಹಾಕುವ ಬಿರಡೆಯ ಒಳಗೆ ಮಾತ್ರ
ಮಜ್ಜಿಗೆಯಂಥ ನೊರೆ.

ಮೀಟರು ನೋಡಿದರು. ಇಪ್ಪತ್ತೆಂಟು ಸಾವಿರ.
ಮತ್ತೆ ಒಳಗೆ ಇಣುಕಿದರು.
"ಮೀಟರ್ ಯಾರೂ ತಿರುಗಿಸಿಲ್ಲ ಮೇಡಂ.
ಗಾಡಿ ಓಡಿಲ್ಲ. ನಿಂತ್ಕೊಂಡೇ ಉರಿದದೆ."

ಸಿಗ್ನಲ್ಲು ಅಂದೆ. ಬನಶಂಕರಿ ಟ್ರಾಫಿಕ್ಕು ಅಂದೆ.
ಹೂಂ ಅಂದರು, ಕೈ ಒರೆಸುತ್ತ,
ನನ್ನ ಕಡೆ ನೋಡದೆ.

ಮನೆಯ ಹಿಂದಿನ ಗಲ್ಲಿ, ಹೊಂಗೆ ಮರದ ಕೆಳಗೆ
ಎಂಟಕ್ಕೆ ಬಂದು ಒಂಬತ್ತರವರೆಗೆ
ಎಸಿ ಹಾಕಿಕೊಂಡು, ಸ್ಟೀರಿಂಗಿಗೆ ಹಣೆ ಕೊಟ್ಟು
ನಾನು ಕೂತಿರುವುದು
ಮೂರನೇ ಮಹಡಿಯಲ್ಲಿ ಯಾರಿಗೂ ಗೊತ್ತಿಲ್ಲ.
ವಾಚ್‌ಮನ್ ಕೂಡ ಅಂದುಕೊಂಡದ್ದು
ಫೋನಿನಲ್ಲಿದ್ದಾರೆ ಅಂತ.
ಬಾನೆಟ್ಟಿನ ಮೇಲೆ ಬಿದ್ದ ಹೂವು
ಬಿಸಿಗೆ ಅಲ್ಲೇ ಬಾಡುತ್ತಿತ್ತು.

"ಕೆರೆದು ತೆಗೆಯೋಕಾಗಲ್ವ?"
"ಬೇಡ. ಚೂರು ಕಿತ್ತು ಜಾಲರಿಗೆ ಕೂತರೆ ಎಂಜಿನ್ನೇ ಹೋಯ್ತು.
ಹೊಸ ಎಣ್ಣೆ ಹಾಕ್ತಾ ಇರಣ, ನಿಧಾನಕ್ಕೆ ಬಿಡ್ತದೆ.
ವಾರಕ್ಕೊಂದ್ಸಲ ಕನಕಪುರ ರೋಡಲ್ಲಿ ಓಡ್ಸಿ,
ಸರಿಯಾಗಿ ಮೈ ಬಿಸಿ ಆಗ್ಲಿ,
ಅದಕ್ಕೂ."

ಎರಡು ಸಾವಿರದ ಮುನ್ನೂರು ಕೊಟ್ಟೆ.

ಮನೆಯ ತಿರುವಿನಲ್ಲಿ ಇಂಡಿಕೇಟರು ಹಾಕಿದೆ.
ಟಿಕ್ ಟಿಕ್ ಅನ್ನುತ್ತಲೇ ಇತ್ತು.
ಹಿಂದಿದ್ದ ಆಟೋದವನು
ಯಾವ ಕಡೆಗಮ್ಮಾ ಎಂದು ಬೈದು
ಮುಂದೆ ಹೋದ.