ಕೊಬ್ಬಿನ ಜೊತೆ ನುಂಗುವುದು

ಸಾರಿ-ತಾಶ್‌ನ ಶಾಲೆ. ಬೆಂಚಿನ ಮೇಲೆ
ಅಂಗಾತ ಮಲಗಿದ್ದಾಳೆ ಬುರ್ಮಾಕಾನ್.
ಹೊಟ್ಟೆಗೆ ಜೆಲ್ ಸವರಿದೆ.
“ನಮ್ಮ ಹಿಮಕ್ಕಿಂತ ಬೆಚ್ಚಗಿದೆ ಬಿಡಿ.”

ಪರದೆಯಲ್ಲಿ ಯಕೃತ್ತು, ಬೂದು ಬಯಲು;
ನಡುವೆ ಕಪ್ಪು ಕೊಳ,
ಕೊಳದೊಳಗೆ ಮರಿಕೊಳಗಳು,
ಒಂಬತ್ತೋ ಹತ್ತೋ.

“ಯಾವಾಗಿನದು?”
ಹದಿನೈದು ವರ್ಷವಿರಬಹುದು, ಎಂದೆ.
ಬೆರಳು ಮಡಚಿದಳು:
ಮದುವೆ, ಮೊದಲ ಹೆರಿಗೆ, ಕೆಂಚ ನಾಯಿ.
“ಕೈ ನೆಕ್ಕುತ್ತಿತ್ತು.
ಅದೇ ಕೈಯಲ್ಲಿ ಹಿಟ್ಟು ನಾದುತ್ತಿದ್ದೆ.”

ಸೂಜಿಗೆ ಬಗ್ಗದು ಇದು, ಓಶ್‌ಗೆ ಹೋಗಿ ಕೊಯ್ಸಬೇಕು.
ಅಲ್ಲಿಯವರೆಗೆ ಮಾತ್ರೆ,
ಕೊಬ್ಬಿನೂಟದ ಜೊತೆ.
ನಕ್ಕಳು, ಹೊಟ್ಟೆ ಕುಲುಕಿ
ಪರದೆಯ ಕೊಳವೂ ಅಲುಗಿತು:
“ಇಲ್ಲಿ ಕೊಬ್ಬಿಲ್ಲದ ಊಟ ಯಾವುದು, ಡಾಕ್ಟರೇ?”

ನಾಯಿಗೂ ಒಂದು ಮಾತ್ರೆ ಕೊಟ್ಟೆ.

ಬಾಗಿಲಾಚೆ ಕೆಂಚನ ಮೊಮ್ಮಗ,
ಮೈಯೆಲ್ಲ ಬಾಲ.
ಕೈ ಚಾಚಿದಳು,
ಅರ್ಧಕ್ಕೇ ತಡೆದು
ಜೇಬಿಗಿಟ್ಟುಕೊಂಡಳು.