ನಲವತ್ತೈದು ಡಿಗ್ರಿ

ವೆಸ್ಟರ್‌ಬೋರ್ಕ್‌ನ ಪೈನ್ ಕಾಡಿನ ಅಂಚಿನಲ್ಲಿ
ಹದಿನಾಲ್ಕು ಬೋಗುಣಿ, ಪೂರ್ವದಿಂದ ಪಶ್ಚಿಮಕ್ಕೆ ಒಂದೇ ಸಾಲು.
ಏಳನೆಯದರ ನೆತ್ತಿಗೆ ಹತ್ತಿದ್ದಾನೆ ಯಾಂಟಿನುಸ್ ಹೋವಿಂಗ್,
ಕಿವಿ ಮುಚ್ಚುವ ಉಣ್ಣೆ ಟೋಪಿ, ಹಲ್ಲಿನ ನಡುವೆ ಸ್ಪ್ಯಾನರ್,
ನಾಲಿಗೆಗೆ ಕಬ್ಬಿಣದ ರುಚಿ.

ಕೆಲಸ ಇಷ್ಟೇ: ಡಬ್ಬಿಯೊಳಗಿನ ಎರಡು ಲೋಹದ ಕಡ್ಡಿಗಳನ್ನು
ನಲವತ್ತೈದು ಡಿಗ್ರಿ ತಿರುಗಿಸಿ, ಬಿಗಿದು, ಇಳಿಯುವುದು.
ಕೂಡಿಸುವ ಗುರುತು
ಗುಣಿಸುವ ಗುರುತಾಗಬೇಕು.
ಇನ್ನೂ ಏಳು ಬೋಗುಣಿ ಬಾಕಿ.
ಕೆಳಗಿನಿಂದ ಹಿಲ್ಲಿಗ್ಯೆ ಕೂಗುತ್ತಾಳೆ: "ಎಡಕ್ಕೆ ತಾನೇ?"
ಗಾಳಿ ಅರ್ಧ ಮಾತು ತಿಂದುಬಿಡುತ್ತದೆ.
ಅವನು ತಲೆಯಾಡಿಸಿದ್ದು ಹೌದೆಂದೋ ಅಲ್ಲವೆಂದೋ,
ಅಷ್ಟು ಎತ್ತರದಲ್ಲಿ ಎರಡೂ ಒಂದೇ.

ಬೆಳಕಿಗೊಂದು ನಡುಕವಿದೆ, ನಡುಕಕ್ಕೊಂದು ದಿಕ್ಕು.
ಬಟ್ಟೆ ಒಣಹಾಕುವ ಹಗ್ಗ
ಮೇಲೆ ಕೆಳಗೆ ಕುಣಿಯಬಹುದು, ಅಡ್ಡಡ್ಡ ತೂಗಬಹುದು, ಹಾಗೆ.
ಬಹುಪಾಲು ಬೆಳಕು ಎಲ್ಲ ದಿಕ್ಕಿಗೂ ಒಟ್ಟಿಗೆ ನಡುಗುತ್ತದೆ,
ಯಾರ ಹಂಗೂ ಇಲ್ಲ.
ಎಲ್ಲೋ ದೂರದ ಗ್ಯಾಲಕ್ಸಿಯಲ್ಲಿ, ಕಾಣದ ಕಾಂತದ ಎಳೆಗೆ ಸಿಕ್ಕು
ಎಲೆಕ್ಟ್ರಾನು ಸುತ್ತಿ ಸುತ್ತಿ ಚೆಲ್ಲಿದ್ದು ಮಾತ್ರ
ಒಂದು ಕಡೆಗೆ ಚೂರು ವಾಲಿಕೊಂಡು ಬರುತ್ತದೆ.
ನೂರಕ್ಕೆ ಮೂರು, ನಾಲ್ಕು.
ಪಠ್ಯಪುಸ್ತಕಗಳು ಇದಕ್ಕೆ ಧ್ರುವೀಕರಣ ಎನ್ನುತ್ತವೆ.
ಪತ್ರಿಕೆಗಳಿಗೂ ಆ ಪದ ಬೇಕು, ಬೇರೆ ಕೆಲಸಕ್ಕೆ.

ಹಿಡಿಯುವ ಉಪಾಯ: ಒಂದು ಬೋಗುಣಿಯ ಈ ಕಡ್ಡಿ,
ಇನ್ನೊಂದು ಬೋಗುಣಿಯ ಅದಕ್ಕೆ ಅಡ್ಡವಾದ ಕಡ್ಡಿ;
ಎರಡೂ ಕೇಳಿಸಿಕೊಂಡದ್ದನ್ನು ಗುಣಿಸು, ಕೂಡುತ್ತಾ ಹೋಗು,
ಗಂಟೆಗಟ್ಟಲೆ.
ವಾಲದ ಬೆಳಕಾದರೆ ಇವನ ಸಾಕ್ಷಿ ಅವನದಕ್ಕೆ ತಾಳೆಯಾಗದೆ
ಎಲ್ಲ ಅಳಿಸಿ ಸೊನ್ನೆ.
ಅಳಿಯದೆ ಉಳಿದದ್ದೆಷ್ಟೋ ವಾಲಿದ್ದೂ ಅಷ್ಟೇ.
ಸುಲಭ. ಹೇಳುವುದಕ್ಕೆ.

ರಾತ್ರಿ, ಮೊದಲು ತಿರುಗುವುದು
ಯಾವ ಕಡೆಗೂ ವಾಲದ ಒಂದು ಕ್ವೇಸಾರಿನತ್ತ,
ಪಟ್ಟಿಯಲ್ಲಿ ನೂರ ನಲವತ್ತೇಳನೆಯದು.
ಬರಬೇಕಾದದ್ದು ಸೊನ್ನೆ.
ಕಾಗದದ ಮೇಲೆ ಬಂದದ್ದು ನೂರಕ್ಕೆ ಒಂದೂವರೆ.

ಆ ಒಂದೂವರೆ ಆಕಾಶದ್ದಲ್ಲ. ಇಲ್ಲಿಯದು.
ಯಾವುದೋ ಕಡ್ಡಿ ಕೂದಲೆಳೆಯಷ್ಟು ಓರೆ;
ಇದರದು ಅದಕ್ಕೆ ಸೋರಿದೆ.
ಯಾಂಟಿನುಸ್‌ನ ಕತ್ತು ಕೆಂಪೇರುತ್ತದೆ. "ನಾನು ಸರಿಯಾಗೇ ಬಿಗಿದಿದ್ದೆ."
"ಇಲ್ಲ ಅಂದವರ್ಯಾರು? ಸೋರದ ಬೋಗುಣಿ ಎಲ್ಲಿದೆ ಮಾರಾಯ,
ಎಷ್ಟು ಸೋರುತ್ತೆ ಅಂತ ಬರೆದುಕೊ, ಕಳೆದರಾಯಿತು."

ಈ ಸಾಲಿನ ಪಕ್ಕದಲ್ಲೇ ಬ್ಯಾರಕ್ಕುಗಳಿದ್ದವು.
ಮಂಗಳವಾರ ಮಂಗಳವಾರ ರೈಲು,
ಬಾಗಿಲಿಗೆ ಹೊರಗಿನಿಂದ ಚಿಲಕ, ಪೂರ್ವಕ್ಕೆ.
ಈಗ ಇಲ್ಲೂ ಹಳಿಗಳಿವೆ. ನಾಲ್ಕು ಬೋಗುಣಿಗಳು
ಅವುಗಳ ಮೇಲೆ ಬಸುರಿಯರ ಹಾಗೆ ಮೆಲ್ಲಗೆ ಹೋಗಿ
ಮರಳಿ ಬರುತ್ತವೆ.
ಹಿಲ್ಲಿಗ್ಯೆಯ ಅಪ್ಪ ಹೋಗ್‌ಹಾಲೆನ್‌ನಲ್ಲಿ ಹಾಲಿನ ಕ್ಯಾನು ಸಾಗಿಸುತ್ತಿದ್ದವನು,
ಗೇಟಿನ ಬಳಿ ಕುದುರೆ ನಿಲ್ಲಿಸಿ
ರೈಲು ದಾಟುವುದನ್ನು ಕಾದವನು.
ಕೇಳಿದರೆ, "ನಾನು ಯಾವ ಕಡೆಗೂ ಇರಲಿಲ್ಲ ಮಗಳೇ,"
ಎಂದು ಕಾಫಿಗೆ ಚಮಚ ಹಾಕಿ ತಿರುಗಿಸುತ್ತಿದ್ದ.
ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ ಅವನು.

ಒಂದೂವರೆ.
ಅವಳು ಅಂಕಿಯ ಕೆಳಗೆ ಎರಡು ಗೆರೆ ಎಳೆಯುತ್ತಾಳೆ,
ಬೋಗುಣಿಗಳನ್ನು ಗ್ಯಾಲಕ್ಸಿಯತ್ತ ತಿರುಗಿಸುತ್ತಾಳೆ.
ಭೂಮಿ ತಾನಾಗಿ ಹೊರಳುತ್ತದೆ, ಅದರ ಜೊತೆ ಇಡೀ ಸಾಲು.
ನಡುರಾತ್ರಿಯ ಹೊತ್ತಿಗೆ ನಕ್ಷೆಯ ಮೇಲೆ ಪುಟ್ಟ ಪುಟ್ಟ ಕಡ್ಡಿಗಳು,
ಸೋರಿದ್ದನ್ನು ಕಳೆದ ಮೇಲೂ ಅಳಿಯದೆ ನಿಂತವು,
ಹುಲ್ಲುಗಾವಲಿನ ಮೇಲೆ ಯಾರೋ ಬಾಚಣಿಗೆ ಆಡಿಸಿದಂತೆ.

ಬೆಳಗ್ಗೆ ಇಬ್ಬನಿ, ಕುರಿಗಳ ಕೆಮ್ಮು.
ಬೇಲಿಗೆ ವಾಲಿಸಿಟ್ಟ ಸೈಕಲ್ಲಿನ ಸೀಟು ಒರೆಸುತ್ತಾ
ಹಿಲ್ಲಿಗ್ಯೆ ತಲೆ ಎತ್ತುತ್ತಾಳೆ:
ಏಳನೆಯದರ ಏಣಿಯ ಅರ್ಧದಲ್ಲಿ ಯಾಂಟಿನುಸ್,
ಯಾರೂ ಹೇಳಿರಲಿಲ್ಲ,
ಹಲ್ಲಿನ ನಡುವೆ ಸ್ಪ್ಯಾನರ್.