ತಡವಾಗಿ ಚಲಿಸುತ್ತಿದೆ

ಪಂಪಿನ ಮೋಟಾರು ಸುತ್ತಾಂವ ನಾನು.
ಗಣೇಶಪೇಟಿ ಅಂಗಡ್ಯಾಗ ಸುಟ್ಟ ವಾರ್ನಿಶ್ ವಾಸನಿ,
ಮೂರು ಎಚ್‌ಪಿ, ಐದು ಎಚ್‌ಪಿ, ತಾಮ್ರದ ಜಡಿ.
ಅಂಥಾ ನನ್ನ ಕೈಗೆ ಹೆಬಸೂರ ಅಕ್ಕಾರು
ಕರ್ಚೀಫಿನ್ಯಾಗ ಸುತ್ತಿ ಕೊಟ್ಟದ್ದು
ಹೆಬ್ಬೆರಳಿನಷ್ಟು ಮೋಟಾರಿನ ರೈಲು.

"ದಾವಲಸಾಬ, ಇದು ತಡಾ ಮಾಡಾಕತ್ತೈತಿ."

ಆ ದನಿ ನನಗ ಗೊತ್ತು. ಹುಬ್ಬಳ್ಳಿಗೆಲ್ಲ ಗೊತ್ತು.
ಇಪ್ಪತ್ತೆಂಟು ವರ್ಷ ಟೇಶನ್ನಿನ ಮೈಕಿನ್ಯಾಗ
ಅಕ್ಕಾರು ಹೇಳಿದ್ದು ಇದನ್ನ:
ನಲವತ್ತು ನಿಮಿಷ ತಡವಾಗಿ ಚಲಿಸುತ್ತಿದೆ,
ಪ್ರಯಾಣಿಕರಿಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.
ಕೂತಲ್ಲಿಂದ ಒಂದಿನಾನೂ ಎಂಜಿನ್ನಿನ ಮಾರಿ ಕಾಣ್ತಿರಲಿಲ್ಲಂತ,
ಕಿಟಕಿಯಿಲ್ಲದ ಕೋಣಿ.

ಈಗ ಕೇಶ್ವಾಪುರದಾಗ, ಮಾಳಿಗಿ ಮ್ಯಾಲಿನ ಖೋಲಿಯೊಳಗ
ಪ್ಲೈವುಡ್ಡಿನ ಮ್ಯಾಲೆ ಉಣಕಲ್ಲು, ಧಾರವಾಡ, ಅಳ್ನಾವರ,
ಒಣಗಿಸಿದ ಚಹಾಪುಡಿಯ ಎರಿ ಮಣ್ಣು.
ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಮಾತ್ರ ಅರ್ಧಕ್ಕ ನಿಂತೈತಿ.
ಎಂಬತ್ತೇಳರಾಗ ಒಂದು ಪಾಲು ಅಂದ್ರೂ ಹದಿನೇಳು ಮೀಟರ್ ಬೇಕು,
ಗ್ವಾಡಿ ಒಡದು, ಓಣಿ ದಾಟಿ,
ಹಿಟ್ಟಿನ ಗಿರಣಿ ತನಕ.
"ಗಿರಣಿಯಾಂವ ಒಪ್ಪಲಿಲ್ಲ," ಅಂದ್ರು. ನಗಲಿಲ್ಲ.

ಹಳಿಯೊಳಗ ಕರೆಂಟು ಯಾವಾಗ್ಲೂ ಅಷ್ಟ ಇರತೈತಿ,
ಹೆಚ್ಚು ಕಡಿಮಿ ಆಗೂದು ಅಪ್ಪಣಿ.
ಆ ಅಪ್ಪಣಿ ಓದಾಕ ಎಂಜಿನ್ನಿನ ಹೊಟ್ಟ್ಯಾಗ
ಅವರಿಕಾಳಿನಷ್ಟು ಒಂದು ಡಿಕೋಡರು.
ಮೂರನೇ ನಂಬರ್ ಅಂತ ಕರದ್ರ ಮೂರನೇದಷ್ಟ ಓ ಅಂತೈತಿ.
ಇದನ್ನ ಅಕ್ಕಾರು ನನಗ ಎರಡು ಸಲ ಹೇಳಿದ್ರು,
ಮೈಕಿನ ದನಿಯೊಳಗ.

ಧಾರವಾಡದ ತನಕ ಹೆಂಗೋ ಹೊಂಟಿತ್ತು,
ಅಳ್ನಾವರದ ತಿರುವಿಗೆ ಬಂದ ಕೂಡ್ಲೆ ಉಬ್ಬಸ.
ಮೀಟರ್ ಹಚ್ಚಿದೆ: ಈ ಕಡೆ ಹದಿನೈದು, ಆ ಕಡೆ ಹನ್ನೊಂದು.
ಕಿಸೇದಿಂದ ಒಂದು ರೂಪಾಯಿ ತಗದು
ಎರಡೂ ಹಳಿಗೆ ಅಡ್ಡ ಇಟ್ಟೆ.
ಹುಬ್ಬಳ್ಳ್ಯಾಗ ಇಟ್ರ ಡಬ್ಬಿ ಟಪ್ ಅಂತ ಬಂದಾತು.
ಅಳ್ನಾವರದಾಗ ರೂಪಾಯಿ ಸುಮ್ನ ಕುಂತು ಬೆಚ್ಚಗಾತು,
ಡಬ್ಬಿಗೆ ಸುದ್ದೀನ ಮುಟ್ಟಲಿಲ್ಲ.
ಹಳಿಗೆ ಹಳಿ ಕೂಡೋ ಕೊಂಡಿಯೊಳಗ ಕಿಲುಬು.
ನಾಕು ಕಡೆ ತಂತಿ ಬೆಸಿಗಿ ಹಾಕಿದೆ,
ಸ್ಪಿರಿಟ್ ಬಟ್ಟಿಯಿಂದ ಹಳಿ ತಿಕ್ಕಿದೆ,
ಬಂತು ನೋಡ್ರಿ ಮಸಿ:
ಗಿರಣಿ ಹಿಟ್ಟು, ರಸ್ತಾದ ಧೂಳು, ಊದಿನಕಡ್ಡಿ ಬೂದಿ.

ಆದ್ರೂ ನಿಧಾನ. ಈಗ ಎಲ್ಲಾ ಕಡೆ ಒಂದ ಸಮ ನಿಧಾನ,
ಅದೂ ಒಂದು ಸುಧಾರಣಿ.

ಹೊಟ್ಟಿ ಬಿಚ್ಚಿದೆ. ಹಲ್ಲಿನ ಚಕ್ರಕ್ಕ ಏನೋ ಬೆಳ್ಳಗ ಮೆತ್ತಿತ್ತು.
ಮೂಸಿದೆ.
"ಅಕ್ಕಾರ, ಇದು ಕೊಬ್ರಿ ಎಣ್ಣಿ."
"ಹೊಲಿಗಿ ಮಶಿನ್ನಿಗೆ ಹಾಕತೀನಲ್ಲೋ?"
"ಶ್ರಾವಣದಾಗ ಹಾಕಿರಬೇಕು, ಈಗ ಡಿಸೆಂಬರ್.
ತಲಿಗೆ ಹಚ್ಚೋ ಬಾಟ್ಲಿ ನೋಡ್ರಿ, ಹೆಪ್ಪುಗಟ್ಟಿರತೈತಿ."
ಅವರು ಖರೇನ ಒಳಗ ಹೋಗಿ ನೋಡಿ ಬಂದ್ರು.

ತೊಳದು, ಒರಸಿ, ಗಡಿಯಾರದ ಎಣ್ಣಿ ಒಂದ ಹನಿ.
ಗುಂಡಿ ತಿರುವಿದ್ರು. ಎಂಜಿನ್ ನಿಂತೇ ಇತ್ತು.
ನಾ ಎಣಸಿದೆ, ಮೂರು, ನಾಕು,
ಆಮ್ಯಾಲೆ ಎಮ್ಮಿ ಕೆರಿಯಿಂದ ಏಳೂಹಂಗ ಎದ್ದಿತು.

ಡಿಕೋಡರಿನ ಮೂರನೇ ಖಾನೆ ಓದಿಸಿದೆ,
ವೇಗ ಏರಾಕ ಎಷ್ಟು ಹೊತ್ತು ಅಂತ ಬರಿಯೋ ಖಾನೆ.
ಅರವತ್ತು.
"ಯಾರು ಬರದಾರ ಇದನ್ನ?"
ಅಕ್ಕಾರು ಸೀರಿ ನಿರಿಗಿ ಸರಿಮಾಡಿಕೊಂಡ್ರು.
"ಸಾವಿರ ಟನ್ನಿನ ಗಾಡಿ
ಆಡಿನ ಮರಿಹಂಗ ಜಿಗದು ಏಳತೈತೇನು?"

ಐದು ಬರದೆ. ಬಾಣ.
ಹುಬ್ಬಳ್ಳಿ, ಉಣಕಲ್ಲು, ಕಣ್ಣು ಪಿಳಕಿಸೂದ್ರಾಗ ಅಳ್ನಾವರ.
ನೂರೈವತ್ತು ಆತ್ರೀ ಅನ್ನಾಕ ಬಾಯಿ ತಗದಾಂವ
ಅವರ ಮಾರಿ ನೋಡಿ ಸುಮ್ಮನಾದೆ.
ಹೇಳಾಕ ಏನೂ ಉಳಿದಿರಲಿಲ್ಲ ಅವರಿಗೆ.
ವ್ಯಾಳ್ಯಾಕ್ಕ ಬಂದ ಗಾಡಿಗೆ ವಿಷಾದ ಎಲ್ಲಿಂದ ತರೂದು?

"ಮೂವತ್ತು ಬರಿ," ಅಂದ್ರು.
ಬರದೆ.
ಅಷ್ಟ್ರಾಗ ಗದಗ ರಸ್ತಾದ ಕಡೆ ಖರೇ ಗೂಡ್ಸೊಂದು ಕೂಗಿತು,
ಪ್ಲೈವುಡ್ಡಿನ ಮ್ಯಾಲೆ ಚಹಾಪುಡಿ ಅಲುಗಿದಂಗಾತು.
ಅಕ್ಕಾರು ಮುಷ್ಟಿ ಬಾಯಿ ಹತ್ರ ಹಿಡದು ಗಂಟಲು ಸರಿಮಾಡಿದ್ರು:
"ಗಾಡಿ ಸಂಖ್ಯೆ ಮೂರು..."
ನಾ ಬೆಸಿಗಿ ಕಡ್ಡಿಯ ವಾಯರ್ ಸುತ್ತಕೋತ ನಿಂತೆ.

ಓಣ್ಯಾಗ ಇಳದ ಮ್ಯಾಲೆ ನೆನಪಾತು:
ನನ್ನ ರೂಪಾಯಿ
ಅಳ್ನಾವರದ ಪ್ಲಾಟ್‌ಫಾರ್ಮಿನ ಮ್ಯಾಲೆ ಉಳದೈತಿ.